ಅರವತ್ತೆರಡು ಪುಸ್ತಕಗಳ ಸಂಜೆ

ಮಾರ್ಚ್ ೧೨, ಗುರುವಾರ

ಪ್ರೀತಿಯ ಚಿನ್ನು,

ಅಮ್ಮನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ; ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಕಾಗದ ತಡವಾಯಿತು, ಬೈಯಬೇಡ. ಬೈಯುವುದಕ್ಕಾದರೂ ನಾಲ್ಕು ಸಾಲು ಬರೆದರೆ ಬೇಡವೆನ್ನುವುದಿಲ್ಲ. ಫೋನಿನಲ್ಲಿ "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಎಂದು ಹಾಜರಿ ಕೂಗಿ ಇಟ್ಟುಬಿಡುತ್ತೀಯ. ನನಗೆ ನಿನ್ನ ಕೈಬರಹದ ಒಂದು ಕಾಗದ ಬೇಕು. ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ, ಜಪ್ಪಯ್ಯ ಅಂದರೂ ನೀನು ಬರೆಯುವುದಿಲ್ಲ.

ಇಲ್ಲಿಯ ದೊಡ್ಡ ಸುದ್ದಿ, ನಮ್ಮ ಶಾಲೆಗೆ ಕೃತಕ ಬುದ್ಧಿಮತ್ತೆ ಬಂದಿದೆ. ಪ್ರಬಂಧದ ಪುಟಗಳ ಫೋಟೊ ತೆಗೆದು ಹಾಕಿದರೆ ಸಾಕು, ಯಾರು ಎಲ್ಲಿ ಎಡವಿದ್ದಾರೆ, ಯಾರಿಗೆ ಯಾವ ಅಭ್ಯಾಸ ಕೊಡಬೇಕು ಎಂದು ಪಟ್ಟಿ ಮಾಡಿಕೊಡುತ್ತದೆ. ಲೆಕ್ಕದ ಮೇಷ್ಟ್ರು ಮೊದಲ ದಿನವೇ ಮುಖ ಇಳಿಬಿಟ್ಟು, "ಮುಗೀತು ಮೇಡಂ, ಇನ್ನು ನಮ್ಮನ್ನೆಲ್ಲ ಮನೆಗೆ ಕಳಿಸ್ತಾರೆ" ಎಂದರು. ಹೆಡ್ ಮೇಡಂ ತಲೆ ಎತ್ತದೆಯೇ, "ಕಿಟಕಿ ಹತ್ತಿ ಕೂತ ಹುಡುಗ್ರನ್ನ ಇಳಿಸೋಕೆ ಅದಕ್ಕೆ ಬರುತ್ತಾ? ಬಂದ್ಮೇಲೆ ಕಳಿಸ್ತೀನಿ" ಎಂದರು.

ನಾನೂ ಅದರ ಮೇಲೆ ಹಲ್ಲು ಮಸೆದವಳೇ. ತಪ್ಪು ಹಿಡಿದೇ ತೀರುತ್ತೇನೆಂದು ಒಂದು ವಾರ ಅದು ತಿದ್ದಿದ್ದನ್ನೆಲ್ಲ ಮತ್ತೆ ತಿದ್ದಿದೆ. ಅದು ಎರಡು ಕಡೆ ಸಿಕ್ಕಿಬಿತ್ತು, ನಾನು ಐದು ಕಡೆ. ಅಲ್ಲಿಗೆ ರಾಜಿಯಾಯಿತು. ಈಗ ತಪ್ಪುಗಳನ್ನು ಅದು ಹುಡುಕುತ್ತದೆ, ನಾನು ಒಮ್ಮೆ ಕಣ್ಣಾಡಿಸುತ್ತೇನೆ. ಉಳಿದ ಹೊತ್ತಿನಲ್ಲಿ ದಿನಕ್ಕೆ ಮೂರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಬರೆದದ್ದನ್ನು ಸುಮ್ಮನೆ ಓದುತ್ತೇನೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಕೆಂಪು ಪೆನ್ನು ಹಿಡಿಯದೆ ಓದುತ್ತಿರುವುದು ಇದೇ ಮೊದಲು.

ಮೊನ್ನೆ ಕೊನೆಯ ಬೆಂಚಿನ ಹುಡುಗಿಯ ಸರದಿ. ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಎನ್ನುವಂಥವಳು. 'ನಮ್ಮ ಮನೆ' ಎಂಬ ಪ್ರಬಂಧದಲ್ಲಿ, "ನಾವು ಮೂರು ಜನ. ದಿನಾಲೂ ನಾಲ್ಕು ತಟ್ಟೆ ತೊಳೆಯುತ್ತೇವೆ" ಎಂದು ಬರೆದಿದ್ದಳು. ಯಂತ್ರದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ತಪ್ಪಿಲ್ಲ' ಎಂದಿತ್ತು. ನಿಜ, ತಪ್ಪೇನೂ ಇರಲಿಲ್ಲ.

"ನಾಲ್ಕನೇದು ಯಾರದಮ್ಮ?" ಎಂದು ಕೇಳಿದೆ.

"ಅಕ್ಕಂದು. ಜಗಳ ಆಡ್ಕೊಂಡು ಹೋದ್ಳು. ಅಮ್ಮ ದಿನಾ ಅವಳಿಗೂ ತಟ್ಟೆ ಇಡ್ತಾಳೆ." ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಇದನ್ನ ನೀವೇ ಓದಿದ್ರಾ ಮಿಸ್?" ಎಂದಳು. ಹೌದೆಂದೆ. ಗಂಟೆ ಹೊಡೆಯುವವರೆಗೂ ಮಾತಾಡಿದಳು, ಚಿನ್ನು. ಅವಳ ದನಿ ಇಷ್ಟು ದಪ್ಪ ಎಂದೇ ನನಗೆ ಗೊತ್ತಿರಲಿಲ್ಲ.

ಅವತ್ತು ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತೆ. ಹಿಂದೆಲ್ಲ ಅಲ್ಲಿ ಅರವತ್ತೆರಡು ಪುಸ್ತಕಗಳ ರಾಶಿ ಇರುತ್ತಿತ್ತು. ಅದರಾಚೆ ನೀನು ಮೇಜಿಗೆ ಗಲ್ಲ ಊರಿಕೊಂಡು, "ಇನ್ನೆಷ್ಟು ಅಮ್ಮಾ?" ಎಂದು ಕೇಳುತ್ತಿದ್ದೆ. "ಇನ್ನೊಂದೇ" ಎಂದು ಅದೆಷ್ಟು ಸುಳ್ಳು ಹೇಳಿದ್ದೇನೋ. ಈಗ ಮೇಜೂ ಖಾಲಿ, ಸಂಜೆಯೂ ಖಾಲಿ. ನನಗೆ ಬಿಡುವಾಗುವ ಹೊತ್ತಿಗೆ ನೀನು ಎದ್ದು ಹೋಗಿದ್ದೀಯ. ನಿನ್ನನ್ನು ನೋಡಬೇಕೆಂದು ಜೀವ ಚಡಪಡಿಸುತ್ತದೆ.

ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಡ, ಆಗಾಗ ಕೂತುಕೋ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಇಬ್ಬರೂ ನೂರು ಕಾಲ ನಗುನಗುತ್ತಾ ಇರಿ.

ನಿನ್ನ,
ಅಮ್ಮ

ತಾ.ಕ.: ಇದು ಮರೆತು ಬಿಟ್ಟಿದ್ದಲ್ಲ, ಧೈರ್ಯ ಸಾಲದೆ ಬಿಟ್ಟಿದ್ದು. ನೀನು ಮೂರನೇ ತರಗತಿಯಲ್ಲಿದ್ದಾಗ ನನಗೊಂದು ಕಾಗದ ಬರೆದು ಆ ರಾಶಿಯೊಳಗೆ ಸೇರಿಸಿಟ್ಟಿದ್ದೆ. ಯಾವುದೋ ಮಗುವಿನ ಪತ್ರಲೇಖನವೆಂದು ನಾನು ತಿದ್ದಿ, ಹತ್ತಕ್ಕೆ ಆರು ಕೊಟ್ಟು ರುಜು ಹಾಕಿದೆ. ಕೆಳಗೆ ನಿನ್ನ ಹೆಸರು ಕಂಡ ಮೇಲೂ ಮಡಚಿ ನಿನ್ನ ಚೀಲಕ್ಕೆ ಹಾಕಿ, ಮುಂದಿನ ಪುಸ್ತಕ ಎತ್ತಿಕೊಂಡೆ. ಅಂದಿನಿಂದ ನೀನು ನನಗೆ ಒಂದಕ್ಷರ ಬರೆದಿಲ್ಲ. ಅದರಲ್ಲಿ ನಾಲ್ಕು ತಪ್ಪುಗಳಿದ್ದವು, ಒಂದೊಂದೂ ನೆನಪಿದೆ. ಏನು ಬರೆದಿದ್ದೆ ಎನ್ನುವುದು ಮಾತ್ರ ಎಷ್ಟು ತಡಕಾಡಿದರೂ ನೆನಪಿಗೆ ಬರುತ್ತಿಲ್ಲ. ಏನು ಬರೆದಿದ್ದೆ, ಮಗಳೇ?