ಪ್ರೆಸ್ಸಿಗೂ ಅದೇ ‘ನಿಲ್ಲು’

ಶಿಡ್ಲಘಟ್ಟ
೧೪ ಜುಲೈ ೨೦೨೪, ಭಾನುವಾರ

ಪ್ರಿಯಂವದಾ,

ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ? ಅತ್ತೆಯವರ ಮಂಡಿನೋವು ಕಡಿಮೆಯಾಯಿತಾ? ಹತ್ತು ದಿನದಿಂದ ಬರೆಯಬೇಕೆಂದು ಕೂರುತ್ತಿದ್ದೆ, ಪೆನ್ನು ಹಿಡಿದರೆ ಬರೀ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ನೀನೋ ಫ್ಯಾಕ್ಟರಿಗೆ ರಜೆ ಹಾಕಿ ಚಿಂತಾಮಣಿಯಲ್ಲಿ ಕೂತಿದ್ದೀಯ, ಫೋನ್ ಎತ್ತುವುದಿಲ್ಲ. ತಡವಾದದ್ದಕ್ಕೆ ಕ್ಷಮಿಸು. ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ.

ಅಪಘಾತದ ವಿಚಾರಣೆಯ ವರದಿ ನಿನ್ನೆ ನೋಡಿದೆ. ‘ಪ್ರೋಗ್ರಾಮ್ ಪರೀಕ್ಷಿಸಲಾಗಿದೆ, ದೋಷವಿಲ್ಲ. ಆಪರೇಟರ್ ಕೋನಪ್ಪ ತಪ್ಪು ಬಟನ್ ಒತ್ತಿದ್ದಾರೆ.’ ಕೆಳಗೆ ನಿನ್ನ ಸಹಿ! ನಾಚಿಕೆ ಆಗಲಿಲ್ಲವೇನೇ ನಿನಗೆ?

ಪಾಲಿಟೆಕ್ನಿಕ್‌ನಲ್ಲಿ ವಾದಿರಾಜ ಸರ್ ಪಾಲಿಮಾರ್ಫಿಸಂ ಹೇಳಿಕೊಟ್ಟದ್ದು ಮರೆತೆಯಾ? “ಗೂಡಿಂದ ನೂಲು ತೆಗಿ ಅನ್ನೋ ಮಾತು ಒಂದೇ ಕಣ್ರಮ್ಮ. ಚರಕದೋನು ಅವನ ಥರ ತೆಗೀತಾನೆ, ಮಷೀನಿನೋನು ಅವನ ಥರ. ಅಪ್ಪನಿಂದ ಬಂದಿದ್ದು ತನಗೆ ಹೊಂದಲ್ಲ ಅಂದ್ರೆ ಮಗ ತನ್ನದು ತಾನು ಬರ್ಕೋಬೇಕು.” ರೇಷ್ಮೆ ಊರಿನವಳೆಂದು ನನ್ನನ್ನೇ ಎಬ್ಬಿಸಿ ಅದನ್ನು ಮತ್ತೆ ಹೇಳಿಸಿದ್ದರು.

ಫ್ಯಾಕ್ಟರಿಯ ಮಷೀನುಗಳನ್ನು ಓಡಿಸುವ ನಮ್ಮ ಪ್ರೋಗ್ರಾಮೂ ಹಾಗೇ ತಾನೆ? ‘ಯಂತ್ರ’ ಎಂಬ ಅಪ್ಪ ಕ್ಲಾಸಿನಲ್ಲಿ, ಅಂದರೆ ಮೂಲ ಅಚ್ಚಿನಲ್ಲಿ, ‘ನಿಲ್ಲು’ ಎಂದರೆ ಕರೆಂಟು ಕಡಿ, ಅಷ್ಟೇ. ಬೆಲ್ಟೂ ಪ್ರೆಸ್ಸೂ ಅದರ ಮಕ್ಕಳು. ಸಾಮಾನು ಸಾಗಿಸುವ ಬೆಲ್ಟಿಗೆ ಅದು ಸಾಕು. ತಗಡು ಅಚ್ಚೊತ್ತುವ ಹೊಸ ಪ್ರೆಸ್ಸು ಮಾತ್ರ ಮೊದಲು ತನ್ನ ಭಾರವನ್ನು ಮೇಲೆತ್ತಿ ಹಿಡಿದು ಆಮೇಲೆ ಕರೆಂಟು ಕಡಿಯಬೇಕು. ಅದಕ್ಕೆ ಬೇರೆ ‘ನಿಲ್ಲು’ ಬರೆಯಬೇಕಿತ್ತು. ನಮ್ಮ ಟೀಮ್ ಲೀಡರ್ ಅಂಬರೀಶ್ ಏನೆಂದ? “ಇನ್‌ಹೆರಿಟೆನ್ಸ್ ಇರೋದು ಯಾಕಮ್ಮ? ಅಪ್ಪಂದೇ ಬರುತ್ತೆ ಬಿಡಿ. ಸೋಮವಾರ ಮಷೀನ್ ಓಡ್ಬೇಕು.” ಪರೀಕ್ಷೆ ಮಾಡಬೇಕಾದ ನೀನು ಅಲ್ಲೇ ನಿಂತಿದ್ದೆ. ಬೆಲ್ಟನ್ನಷ್ಟೇ ನಿಲ್ಲಿಸಿ ನೋಡಿ, ಪ್ರೆಸ್ಸಿಗೂ ಸೇರಿಸಿ ಟಿಕ್ ಹಾಕಿದೆ.

ಸೋಮವಾರ ತಗಡು ಸಿಕ್ಕಿಕೊಂಡಿತು. ಕೋನಪ್ಪ ನಾವು ಹೇಳಿಕೊಟ್ಟ ಹಾಗೆ ‘ನಿಲ್ಲು’ ಎಂಬ ಕೆಂಪು ಬಟನ್ ಒತ್ತಿಯೇ ಕೈ ಹಾಕಿದರು. ಕರೆಂಟು ಹೋಯಿತು, ಭಾರ ಕೆಳಗೆ ಬಿತ್ತು. ಬಲಗೈಯ ಎರಡು ಬೆರಳು ಹೋದವು. ಈಗ ತಪ್ಪು ಅವರದಂತೆ! ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಈ ವರದಿ ಹೀಗೇ ಉಳಿದರೆ ಅವರಿಗೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ.

ಇಪ್ಪತ್ತೆರಡನೇ ತಾರೀಕು ಹತ್ತು ಗಂಟೆಗೆ ಮ್ಯಾನೇಜರ್ ಎದುರು ಕೋಡ್ ತೆಗೆದು ತೋರಿಸುತ್ತೇನೆ. ನೀನೂ ಬಂದು ನಿನ್ನ ಸಹಿ ವಾಪಸ್ ತೆಗೆದುಕೋ. ಬರದಿದ್ದರೆ ನನ್ನ ಮದುವೆಗೂ ಬರಬೇಡ.

ನಿನ್ನ ಮಗುವಿಗೆ ನನ್ನ ಮುತ್ತು. ಅದರ ಹತ್ತು ಬೆರಳನ್ನೂ ಅಲ್ಲಾಹ್ ಚೆನ್ನಾಗಿಟ್ಟಿರಲಿ.

ನಿನ್ನ
ಸಾಬ್ರೀನ್

ತಾ.ಕ.: ತನ್ನದೇ ‘ನಿಲ್ಲು’ ಇಲ್ಲದ, ಪ್ರೆಸ್ಸಿನ ಆ ಖಾಲಿ ಕ್ಲಾಸ್ ಬರೆದವಳು ನಾನೇ. ಅಂಬರೀಶ್‌ಗೆ “ಸರಿ ಸಾರ್” ಎಂದವಳೂ ನಾನೇ. ಮೊನ್ನೆ ಗೌರಿಬಿದನೂರಿನ ಆಸ್ಪತ್ರೆಗೆ ಕೋನಪ್ಪನವರನ್ನು ನೋಡಲು ಹೋಗಿದ್ದೆ. ಅವರ ಹೆಂಡತಿ ಅನಸೂಯಮ್ಮ ಇದ್ದೊಂದು ಸ್ಟೂಲನ್ನು ನನಗೆ ಕೊಟ್ಟು ತಾವು ನಿಂತರು. ಆಕೆಯೇ ಕೇಳಿದರು: “ಇವರು ‘ಗಾಬ್ರೀಲಿ ನಾನೇ ಏನೋ ತಪ್ಪು ಒತ್ಬಿಟ್ಟೆ’ ಅಂತಾರೆ. ನಿಮ್ಮ ಪ್ರೋಗ್ರಾಮಿಗೇನೂ ತೊಂದ್ರೆ ಆಗ್ಲಿಲ್ಲ ತಾನೇ, ಅಮ್ಮಯ್ಯ?” ನಾನು “ಇಲ್ಲಮ್ಮ” ಎಂದು ಎದ್ದು ಬಂದೆ.