ಗಾಜಿನಲ್ಲಿ ಕಂಡ ತಾಯತ

ಚನ್ನಪಟ್ಟಣ
ತಾ|| ೧೪ ಫೆಬ್ರವರಿ ೧೯೨೬

ಚಿ|| ಸೌ|| ಮುನಿರತ್ನಮ್ಮನಿಗೆ ದಾಸಪ್ಪನ ಆಶೀರ್ವಾದಗಳು.

ಬೆಂಗಳೂರಿನಿಂದಲೇ ಬರೆಯಬೇಕಾಗಿತ್ತು, ಬರೆಯಲು ಕೂತು ಎದ್ದುಬಿಟ್ಟೆ. ನೀನು ಮಾಗಡಿಯಲ್ಲಿ ಬಾಣಂತಿಯಾಗಿ ಮಲಗಿ ಟಪಾಲಿನವನ ದಾರಿ ನೋಡುತ್ತಿರುವುದು ಗೊತ್ತು. ಕೋಪ ಮಾಡಿಕೊಳ್ಳಬೇಡ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆಯೇ?

ನಮ್ಮ ಬೈರಿಯ ಕಾಲು ಉಳುಕಿದ್ದಲ್ಲವಂತೆ. ಇಷ್ಟು ದಿನ ಎಣ್ಣೆ ತಿಕ್ಕಿಸಿದ್ದು ವ್ಯರ್ಥ. ಬೆಂಗಳೂರಿನ ಆಸ್ಪತ್ರೆಯಲ್ಲಿ ಊತ ನೋಡಿದ ಡಾಕ್ಟರು ಎಕ್ಸ್-ರೇ ತೆಗೆಯಬೇಕೆಂದರು. ಅದೊಂದು ಯಂತ್ರ, ಒಳಗಿನ ಮೂಳೆಯನ್ನು ಗಾಜಿನ ಮೇಲೆ ಇಳಿಸುತ್ತದೆ. ಅಲುಗಬಾರದೆಂದು ಹೇಳಿದ್ದಕ್ಕೆ ಮಗು ಉಸಿರನ್ನೂ ಬಿಗಿಹಿಡಿದು ಮಲಗಿದ್ದಳು.

ನಿಮ್ಮವ್ವ ಸಾವನದುರ್ಗದಿಂದ ಮಂತ್ರಿಸಿ ತಂದು ಅವಳ ಮೊಣಕಾಲಿನ ಕೆಳಗೆ ಕಟ್ಟಿದ್ದ ತಾಯತವನ್ನು ಮೂರು ಅಮಾವಾಸ್ಯೆ ಕಳೆಯದೆ ಬಿಚ್ಚಬಾರದೆಂದು ನೀನು ಆಣೆ ಹಾಕಿಸಿದ್ದೆಯಲ್ಲ, ಅದಕ್ಕೇ ಬಟ್ಟೆ ಸುತ್ತಿ ಮರೆಮಾಡಿದ್ದೆ. ಗಾಜನ್ನು ತೊಳೆದು ಬೆಳಕಿಗೆ ಹಿಡಿದರೆ, ನೋಡಬೇಕಾದ ಜಾಗದಲ್ಲೇ ತಾಮ್ರದ ಕೊಳವೆ!

“ಏನ್ರೀ ಮೇಷ್ಟ್ರೇ, ಮೂಳೆ ನೋಡೋಣ ಅಂದ್ರೆ ತಾಯತದ ಫೋಟೋ ತೆಗೆಸಿದ್ದೀರಲ್ರೀ!” ಎಂದರು ಡಾಕ್ಟರು. ಬೈರಿ ನಕ್ಕಳು. ನಾನೂ ನಕ್ಕೆ. ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದೆ.

ಮತ್ತೆ ತೆಗೆದ ಎರಡನೆಯ ಗಾಜನ್ನು ಮೊದಲು ನೋಡಿದವಳು ಅವಳೇ. “ಅಪ್ಪಾ, ನನ್ ಮೂಳೆ ಮ್ಯಾಲೆ ಕೂದ್ಲು ಎದ್ದಂಗೈತೆ.” ನಿಜ. ಒಂದು ಕಡೆ ಮೂಳೆಗೆ ಅಂಚೇ ಇರಲಿಲ್ಲ. ಸಣ್ಣ ಗೆರೆಗಳು ಹೊರಕ್ಕೆ ಎದ್ದಿದ್ದವು. ಡಾಕ್ಟರು ಈ ಸಲ ತಮಾಷೆ ಮಾಡಲಿಲ್ಲ. ಮಗುವನ್ನು ಹೊರಗೆ ಕೂರಿಸಿ ಬನ್ನಿ ಎಂದರು. ಮಕ್ಕಳಿಗೆ ಅಪರೂಪವಾಗಿ ಬರುವ ಮೂಳೆಯ ಕಾಯಿಲೆಯಂತೆ.

ಈಗ ಮನೆಗೆ ಬಂದಿದ್ದೇವೆ. ಪಕ್ಕದ ಮನೆಯ ಗುಲ್ಜಾರ್ ಬೀ ಗಂಜಿ ತಂದುಕೊಡುತ್ತಾರೆ. “ಏ ಬೈರಿ, ಹೆಂಗೂ ಕುಂಟ್ತೀಯ, ಕುಂಟಾಬಿಲ್ಲೆನಾದ್ರೂ ಆಡೇ” ಎಂದು ರೇಗಿಸುತ್ತಾರೆ. “ತಮ್ಮ ಬರೋವೊಳ್ಗೆ ವಾಸಿ ಆಯ್ತೈತೆ ಬುಡಿ, ಅವನ್ನ ಎತ್ಕೊಂಡು ಓಡ್ತೀನಿ” ಎನ್ನುತ್ತಾಳೆ ಇವಳು. ಗುಲ್ಜಾರ್ ಬೀಗೂ ನಾನು ಏನನ್ನೂ ಹೇಳಿಲ್ಲ. ಬಹಳ ದಣಿವಾಗಿದೆ, ಮುನಿರತ್ನ.

ನಿನ್ನನ್ನೂ ಕೂಸನ್ನೂ ದೇವರು ಚೆನ್ನಾಗಿಟ್ಟಿರಲಿ. ಅತ್ತೆಯವರಿಗೆ ನಮಸ್ಕಾರ.

ಇಂತಿ,
ದಾಸಪ್ಪ

ಇನ್ನೊಂದು ಮಾತು: ಕೂಸನ್ನು ನಿಮ್ಮವ್ವನ ಕೈಗೆ ಕೊಟ್ಟು ಮುಂದಕ್ಕೆ ಓದು. ಮಂಗಳವಾರ ಮತ್ತೆ ಬೆಂಗಳೂರಿಗೆ ಹೋಗುತ್ತೇವೆ. ಜೀವ ಉಳಿಯಬೇಕಾದರೆ ಕಾಲನ್ನು ತೊಡೆಯಿಂದ ತೆಗೆಯಬೇಕಂತೆ. ತೆಗೆದರೂ ಭರವಸೆ ಕೊಡಲಾರೆ ಎಂದರು ಡಾಕ್ಟರು. ಒಪ್ಪಿ ಬಂದಿದ್ದೇನೆ. ತಾಯತ ನನ್ನ ಜೇಬಿನಲ್ಲೇ ಇದೆ. “ಯಾವಾಗ ಕಟ್ತೀಯಪ್ಪಾ?” ಎಂದು ಬೈರಿ ಕೇಳುತ್ತಲೇ ಇದ್ದಾಳೆ. ತೋಳಿಗೆ ಕಟ್ಟಿದರೂ ಆದೀತೇ ಎಂದು ನಿಮ್ಮವ್ವನನ್ನು ಕೇಳಿ ಬರೆ.