ಎದ್ದ ಕೂಡಲೇ ಒಂದು ಗುಳಿಗೆ

ಚನ್ನಗಿರಿ
೧೪-೮-೧೯೮೮

ಪ್ರೀತಿಯ ಕಸ್ತೂರಿ,

ನ್ಯಾಮತಿಯಿಂದ ನೀನು ಬರೆದ ಎರಡು ಕಾಗದಗಳಿಗೂ ಉತ್ತರಿಸಲಿಲ್ಲ, ಬೇಜಾರಾಗಬೇಡ. ನೀನು ಕಳಿಸಿದ ಕವನಸಂಕಲನವೂ ಅರ್ಧಕ್ಕೇ ನಿಂತಿದೆ. ನೀವೆಲ್ಲ ಆರೋಗ್ಯವಾಗಿದ್ದೀರಿ ತಾನೆ?

ನಮ್ಮ ಮನೆಯವರಿಗೆ ಎದೆನೋವು ಮರಳಿತ್ತು. ಬೆಳಿಗ್ಗೆ, ಮಧ್ಯಾಹ್ನ ಗುಳಿಗೆ ನುಂಗುತ್ತಿದ್ದರೂ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿದು ನಿಲ್ಲುತ್ತಿದ್ದರು. ದಾವಣಗೆರೆಯ ಡಾಕ್ಟರು ಕೆದಕಿ ಕೇಳಿದಾಗ, ಮಲಗುವಾಗಲೂ ಅದೇ ಗುಳಿಗೆ ಇನ್ನೊಂದು ಸೇರಿಕೊಂಡಿದ್ದು ಗೊತ್ತಾಯಿತು. ಚೆನ್ನಾಗಿ ಬೈದರು.

“ಇದು ನಿಧಾನಕ್ಕೆ ಕರಗಿ ರಕ್ತನಾಳ ಸಡಿಲ ಮಾಡುತ್ತೆ. ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿಯಾಗಿ ಅದರ ಹೊರೆ ಇಳಿಯುತ್ತೆ. ಹಗಲೂ ರಾತ್ರಿ ನುಂಗಿದ್ರೆ ಮೈ ಒಗ್ಗಿಹೋಗಿ ಗುಳಿಗೆ ನಾಟೋದೇ ಇಲ್ಲ. ರಾತ್ರಿ ಬಿಡುವು ಇರ್ಲಿ. ಮಧ್ಯಾಹ್ನದ್ದು ಹಾಗೇ ಇರ್ಲಿ, ಬೆಳಗಿಂದು ಎದ್ದ ಕೂಡಲೇ ತಗೊಳ್ರಿ.”

ಇಲ್ಲೇ ತೊಡಕಾಯಿತು. ಇವರ ಸ್ನಾನ, ಲಿಂಗಪೂಜೆ ಮುಗಿಯುವಾಗ ಒಂಬತ್ತು ಗಂಟೆ.

“ಪೂಜೆ ಆಗದೆ ಬಾಯಾಗೆ ಹನಿ ನೀರೂ ಹಾಕಾಕೆ ಆಗಲ್ಲ. ನಲವತ್ತು ವರ್ಷದ ನೇಮ ಐತೆ,” ಎಂದರು.

ನಾನೂ ಬಿಡಲಿಲ್ಲ. “ಅನ್ನ ಲಿಂಗಕ್ಕೆ ಅರ್ಪಿಸಿ ಉಣ್ತೀರಲ್ಲ, ಗುಳಿಗೇನೂ ಅರ್ಪಿಸಿ ನುಂಗ್ರಿ.”

“ಲಿಂಗಯ್ಯಗೂ ಎದೆನೋವು ಹತ್ತಿಸ್ತೀಯೇನೇ?”

ಮೂರು ದಿನ ಇದೇ ಜಗಳ. ನಾಲ್ಕನೆಯ ದಿನ ನಾನೂ ಉಪವಾಸ ಕೂತೆ. ಅತ್ತೆ ಕೊಟ್ರಮ್ಮನವರು ಒಳಗಿನಿಂದ ಬಂದರು. ಎಂಬತ್ತರ ಹೆಂಗಸು, ಮಗನಿಗಿಂತ ಮಡಿ. “ಆ ಶಿವ ವಿಷಾನೇ ಕುಡಿದಾನೆ, ಈ ಗುಳಿಗೆ ಆತಗೆ ಏನು ಮಾಡೀತೋ? ಮುಖ ತೊಳಕಂಡು, ಲಿಂಗಕ್ಕೆ ತೋರಿಸಿ ನುಂಗು. ಸೊಸೆಗೆ ಹಸಿವಾಗೈತೆ.”

ಅಂದಿನಿಂದ ಬೆಳಿಗ್ಗೆ ಆರಕ್ಕೆ ಅಂಗೈಯಲ್ಲಿ ಲಿಂಗ, ಪಕ್ಕದಲ್ಲಿ ಗುಳಿಗೆ. ಮೊದಮೊದಲು ತಲೆ ಸಿಡಿಯುತ್ತಿತ್ತು. ಅದು ಔಷಧಿಯದೇ ಗುಣವಂತೆ, ಈಗ ಇಳಿದಿದೆ. ನಿನ್ನೆ ಸಂತೆಪೇಟೆಯವರೆಗೆ ನಿಲ್ಲದೆ ನಡೆದು ಬಂದರು. ಈ ಕ್ರಮ ಒಂದು ದಿನವೂ ತಪ್ಪಲು ನಾನು ಬಿಡುವುದಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಬಾಳಲಿ.

ನಿನ್ನ
ನಿರ್ಮಲ

ತಾ.ಕ.: ಮಲಗುವಾಗಿನ ಗುಳಿಗೆ ಕೊಟ್ಟವಳು ನಾನೇ, ಕಸ್ತೂರಿ. ನಿದ್ದೆಯಲ್ಲೇ ಏನಾದರೂ ಆದೀತೆಂಬ ಹೆದರಿಕೆಗೆ, ಯಾರನ್ನೂ ಕೇಳದೆ ಕೊಟ್ಟೆ. “ಯಾರ್ರೀ ಹೇಳಿದ್ದು ನಿಮಗೆ?” ಎಂದು ಡಾಕ್ಟರು ಗದರಿದಾಗ ಇವರು ನನ್ನ ಕಡೆ ನೋಡದೆ, “ನಂದೇ ತಪ್ಪು ಸಾರ್” ಎಂದರು. ಎಂ.ಎ. ಓದಿದ ನಾನು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಮನೆಗೆ ಬಂದ ಮೇಲೂ ಇವರು ಆ ಮಾತು ಎತ್ತಿಲ್ಲ. ನಾಡಿದ್ದು ಮತ್ತೆ ದಾವಣಗೆರೆಗೆ ಹೋಗುತ್ತೇವೆ. ಡಾಕ್ಟರು ನಾಡಿ ಹಿಡಿಯುವ ಮೊದಲೇ ನಾನು ಹೇಳುತ್ತೇನೆ.